ಬಿಎ ಹಿಸ್ಟರಿ ಓದಬೇಕು ಅಂದುಕೊಂಡವರಿಗೆ: ಕಾರವಾರ, ಶಿರಸಿ, ಕರಾವಳಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ರಿಸಲ್ಟ್ ಬಂದ ಮೇಲೆ ಅಡ್ಮಿಷನ್ ಮುಗಿಯುವ ತನಕ ಹಿಸ್ಟರಿ ವಿಭಾಗದ ಬಾಗಿಲಲ್ಲಿ ಕೇಳಿಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೆಲವನ್ನು ಮಕ್ಕಳು ಕೇಳುತ್ತಾರೆ, ಕೆಲವನ್ನು ಅಪ್ಪ-ಆಯಿ ಕೇಳುತ್ತಾರೆ. ಇನ್ನು ಕೆಲವು, ಸೇರಿ ಎರಡು ತಿಂಗಳಾದ ಮೇಲೆ ಮೆಲ್ಲಗೆ ಹೊರಬರುವಂಥವು. ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಹಿಸ್ಟರಿ ತಗೊಂಡ್ರೆ ಕೆಲಸ ಸಿಗುತ್ತಾ?

ಬರೀ ಬಿಎ ಸರ್ಟಿಫಿಕೇಟ್ ಹಿಡಿದು ಹೋದರೆ ಸಿಗುವ ಕೆಲಸ ಕಡಿಮೆ. ಇದನ್ನು ಮುಚ್ಚಿಡುವುದು ಬೇಡ. ಆದರೆ ಇದು ಹಿಸ್ಟರಿಯದ್ದೊಂದೇ ಕಥೆಯಲ್ಲ, ಸುಮ್ನೆ ಬಿಕಾಂ ಅಥವಾ ಬಿಎಸ್ಸಿ ಮುಗಿಸಿದವರದ್ದೂ ಅದೇ ಪಾಡು. ಡಿಗ್ರಿ ಆದ ಮೇಲೆ ಯಾವ ಕಡೆ ತಿರುಗುತ್ತೀರಿ ಅನ್ನುವುದೇ ಮುಖ್ಯ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಜಾಸ್ತಿ ಮಕ್ಕಳು ಹೋಗುವುದು ಮಾಸ್ತರಿಕೆಗೆ. ಬಿಎ ಆದ ಮೇಲೆ ಎರಡು ವರ್ಷದ ಬಿಎಡ್. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಬಹುದು; ಆರರಿಂದ ಎಂಟನೇ ತರಗತಿಗೆ ಕಲಿಸಬೇಕಾದರೆ ಟಿಇಟಿಯೂ (ಶಿಕ್ಷಕರ ಅರ್ಹತಾ ಪರೀಕ್ಷೆ) ಬೇಕು. ಡಿಗ್ರಿ ಕಾಲೇಜಿಗೆ ಹೋಗಬೇಕಾದರೆ ಎಂಎ ಮಾಡಿ ನೆಟ್ ಅಥವಾ ಕೆಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ಪಾಸಾದ ಮೇಲೂ ಎಷ್ಟೋ ವರ್ಷ ಅತಿಥಿ ಉಪನ್ಯಾಸಕರಾಗಿ ದುಡಿಯುವವರು ಇದ್ದಾರೆ. ಅದನ್ನೂ ಲೆಕ್ಕದಲ್ಲಿ ಇಟ್ಟುಕೊಂಡೇ ಹೊರಡಿ.

ಎರಡನೇ ದಾರಿ ಸರ್ಕಾರಿ ಪರೀಕ್ಷೆಗಳು. ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್‌ಗೆ ಯಾವುದೇ ಡಿಗ್ರಿ ಸಾಕು. ಸಾಮಾನ್ಯ ಜ್ಞಾನದ ಪೇಪರಿನಲ್ಲಿ ಚರಿತ್ರೆಯ ಪಾಲು ಯಾವಾಗಲೂ ಇರುತ್ತದೆ. ಮೂರನೆಯದು ವಕೀಲಿಕೆ. ಡಿಗ್ರಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌ಬಿ ಇದೆ. ಹಳೆ ಕಾಗದ ಓದಿ, ಯಾವುದು ಸಾಕ್ಷಿ, ಯಾವುದು ಬರೀ ಮಾತು ಎಂದು ಬೇರೆ ಮಾಡಲು ಕಲಿತವರಿಗೆ ಕೋರ್ಟಿನ ಕೆಲಸ ಒಗ್ಗುತ್ತದೆ. ಇಲ್ಲಿಯ ಜಮೀನಿನ ವ್ಯಾಜ್ಯಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುರಾತತ್ವ, ಶಾಸನ, ಮ್ಯೂಸಿಯಂ ಕೆಲಸಗಳೂ ಇವೆ, ಆದರೆ ಹುದ್ದೆ ಕಡಿಮೆ. ಎಂಎ ಬೇಕೇ ಬೇಕು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ನಮ್ಮ ಮೈಸೂರಿನಲ್ಲೇ ಇದೆ. ಗೋಕರ್ಣ, ಬನವಾಸಿ, ಮಿರ್ಜಾನಕ್ಕೆ ಬರುವ ಪ್ರವಾಸಿಗರ ಸಂಖ್ಯೆ ನೋಡಿದರೆ ಒಳ್ಳೆಯ ಗೈಡ್‌ಗಳಿಗೂ ಇಲ್ಲಿ ಕೆಲಸವಿದೆ. ಕೋಟೆಯ ಎದುರು ನಿಂತು ಕಟ್ಟುಕಥೆ ಹೇಳುವವರು ಬೇಕಾದಷ್ಟು ಇದ್ದಾರೆ. ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವವರು ಕಡಿಮೆ.

ಐಎಎಸ್ ಮಾಡಬೇಕು ಅಂತಿದ್ದೇನೆ. ಅದಕ್ಕೇ ಹಿಸ್ಟರಿ. ಸರಿಯಲ್ವಾ?

ಅಡ್ಡಿಯಿಲ್ಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಹಿಸ್ಟರಿಯನ್ನು ಐಚ್ಛಿಕ ವಿಷಯವಾಗಿ ತಗೊಳ್ಳಬಹುದು. 250 ಅಂಕಗಳ ಎರಡು ಪೇಪರ್. ಮೊದಲ ಪೇಪರಿನಲ್ಲಿ ನಕ್ಷೆಯ ಪ್ರಶ್ನೆಯೊಂದಕ್ಕೇ 50 ಅಂಕ. ಸಾಮಾನ್ಯ ಅಧ್ಯಯನದಲ್ಲೂ ಚರಿತ್ರೆ ಬರುತ್ತದೆ. ಕನ್ನಡದಲ್ಲೇ ಬರೆಯಬಹುದು. ಆದರೆ ಐಎಎಸ್ ಒಂದೇ ಗುರಿ, ವಿಷಯದ ಮೇಲೆ ಆಸಕ್ತಿಯೇ ಇಲ್ಲ ಅಂದರೆ ಮೂರು ವರ್ಷ ಕ್ಲಾಸಿನಲ್ಲಿ ಕೂರುವುದು ಕಷ್ಟ ಮಾರಾಯ್ರೆ.

ಪಿಯುಸಿ ಸೈನ್ಸ್ ಮಾಡಿದ್ದೇನೆ. ಸೇರಬಹುದಾ?

ಸೇರಬಹುದು. ಕಾಮರ್ಸಿನವರೂ ಸೇರಬಹುದು. ಆರ್ಟ್ಸ್‌ನವರಿಗೆ ಮೊದಲ ಸೆಮಿಸ್ಟರ್ ಸ್ವಲ್ಪ ಹಗುರ ಅನಿಸುತ್ತದೆ, ಅಷ್ಟೇ. ಎರಡನೇ ಸೆಮಿಸ್ಟರ್ ಹೊತ್ತಿಗೆ ಎಲ್ಲರೂ ಒಂದೇ.

ಮೂರು ವರ್ಷವೋ ನಾಲ್ಕು ವರ್ಷವೋ?

ಗೊಂದಲ ಸಹಜ. ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಆರು ಸೆಮಿಸ್ಟರ್. ಹಿಸ್ಟರಿಯ ಜೊತೆಗೆ ಬೇರೆ ವಿಷಯಗಳೂ ಇರುತ್ತವೆ: ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ, ಕನ್ನಡ ಹೀಗೆ. ಯಾವ ಕಾಲೇಜಿನಲ್ಲಿ ಯಾವ ಜೋಡಿ ಇದೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅಣ್ಣ ಓದಿದ ಕಾಂಬಿನೇಷನ್ ತಂಗಿಗೆ ಸಿಗದೇ ಇರಬಹುದು. ಆಫೀಸಿನಲ್ಲಿ ಕೇಳಿಯೇ ಫಾರ್ಮ್ ತುಂಬಿ.

ಎಲ್ಲೆಲ್ಲಿ ಓದಬಹುದು? ಮತ್ತೆ, ಸಮುದ್ರದ ಬದಿಯ ನಮಗೆ ಡಿಗ್ರಿ ಕೊಡೋದು ಘಟ್ಟದ ಮೇಲಿನ ಧಾರವಾಡ ಯಾಕೆ?

ಕಾರವಾರದ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜು, ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು, ಕುಮಟೆಯ ಡಾ. ಎ.ವಿ. ಬಾಳಿಗಾ ಕಾಲೇಜು, ಹೊನ್ನಾವರದ ಎಸ್‌ಡಿಎಂ, ಶಿರಸಿಯ ಎಂ.ಎಂ. ಕಾಲೇಜು, ಹೀಗೆ ಬಿಎ ಇರುವ ಕಾಲೇಜುಗಳು ಜಿಲ್ಲೆಯ ಉದ್ದಕ್ಕೂ ಇವೆ. ಎಲ್ಲವೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ.

ಪ್ರಶ್ನೆಯ ಎರಡನೇ ಅರ್ಧ ನನಗೆ ಬಹಳ ಇಷ್ಟ. ಯಾಕೆಂದರೆ ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಅಮೆರಿಕದವರೆಗೆ ಹೋಗಬೇಕಾಗುತ್ತದೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಇಂಗ್ಲಿಷರ ಕೈಗೆ ಹೋಯಿತು. ಮದ್ರಾಸಿನವರು ಅದನ್ನು ಆಳಿದರು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಈಗಿನ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಆಗ ಒಂದೇ ಜಿಲ್ಲೆ. ಆಮೇಲೆ ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಂದ ಹತ್ತಿ ಬರುವುದು ನಿಂತೇಹೋಯಿತು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ತುಂಬಲು ಒಂದು ಒಳ್ಳೆಯ ಬಂದರು ಬೇಕಿತ್ತು. ಕಾರವಾರ ಕಾಣಿಸಿತು. ಆದರೆ ಹತ್ತಿ ಬೆಳೆಯುವ ಧಾರವಾಡ ಮುಂಬೈ ಸರ್ಕಾರದ್ದು, ಬಂದರು ಮದ್ರಾಸ್ ಸರ್ಕಾರದ್ದು. ಎರಡು ಸರ್ಕಾರಗಳ ನಡುವೆ ಕೆಲಸ ಸಾಗಲಿಲ್ಲ. 1862ರಲ್ಲಿ ಉತ್ತರ ಕೆನರಾವನ್ನೇ ಮುಂಬೈಗೆ ಸೇರಿಸಿಬಿಟ್ಟರು. ಹೊನ್ನಾವರದಲ್ಲಿದ್ದ ಜಿಲ್ಲಾ ಕೇಂದ್ರ ಕಾರವಾರಕ್ಕೆ ಬಂತು. ಈಗಿನ ಕಾರವಾರ ಪಟ್ಟಣ ಬೆಳೆದದ್ದು ಆಮೇಲೆ.

ಮುಂದಿನದು ನೋಡಿ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರಿಂದಲೇ ಅಲ್ಲಿಯ ಐಸಿಎಸ್ ಅಧಿಕಾರಿ ಸತ್ಯೇಂದ್ರನಾಥ ಟಾಗೋರ್ ಜಿಲ್ಲಾ ನ್ಯಾಯಾಧೀಶರಾಗಿ ಕಾರವಾರಕ್ಕೆ ಬಂದರು. ಅವರ ಮನೆಯಲ್ಲಿ ಉಳಿಯಲು ತಮ್ಮ ರವೀಂದ್ರನಾಥರು ಬಂದರು. ಕಾರವಾರದ ಕಡಲತೀರಕ್ಕೆ ಅವರ ಹೆಸರು ಬಂದದ್ದರ ಹಿಂದೆಯೂ ಹತ್ತಿಯ ಮೂಟೆಗಳಿವೆ! ಆ ಬಂದರಿನ ಕನಸು ಮಾತ್ರ ಪೂರ್ತಿ ಆಗಲಿಲ್ಲ. 1880ರ ದಶಕದಲ್ಲಿ ರೈಲು ಗೋವಾದ ಮೊರ್ಮುಗೋವಾ ಬಂದರಿಗೆ ಹೋಯಿತು. ಕಾರವಾರಕ್ಕೆ ರೈಲು ಬರಲು 1990ರ ದಶಕದ ಕೊಂಕಣ ರೈಲ್ವೆಯವರೆಗೆ ಕಾಯಬೇಕಾಯಿತು. ಇನ್ನೂ ಬಾರದ ಹುಬ್ಬಳ್ಳಿ-ಅಂಕೋಲಾ ರೈಲಿನ ಬಗ್ಗೆ ಏನೂ ಹೇಳುವುದಿಲ್ಲ, ನಿಮಗೇ ಗೊತ್ತು.

1949ರಲ್ಲಿ ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳಿಗಾಗಿ ಕರ್ನಾಟಕ ವಿಶ್ವವಿದ್ಯಾಲಯ ಶುರುವಾಯಿತು. ಮರುವರ್ಷ ಧಾರವಾಡಕ್ಕೆ ಬಂತು. ಉತ್ತರ ಕನ್ನಡ ಅದರೊಳಗೆ ಬಿತ್ತು. ಮಂಗಳೂರು ಕಡೆಯವರು ಮದ್ರಾಸಿನಲ್ಲೇ ಉಳಿದಿದ್ದರಿಂದ ಅವರ ದಾರಿ ಬೇರೆಯಾಯಿತು. ಹೊನ್ನಾವರದ ಹುಡುಗ ಮಾರ್ಕ್ಸ್‌ಕಾರ್ಡ್ ತಿದ್ದುಪಡಿಗೆ ಇವತ್ತಿಗೂ ಘಟ್ಟ ಹತ್ತುವುದರ ಹಿಂದೆ 1862ರ ಆ ನಿರ್ಧಾರ ಇದೆ. ಇಂಥ ಸರಪಳಿ ಹಿಡಿದು ಹಿಂದೆ ಹೋಗುವುದು ನಿಮಗೆ ಖುಷಿ ಕೊಟ್ಟರೆ ಹಿಸ್ಟರಿ ತಗೊಳ್ಳಿ.

ಇಸವಿ, ಯುದ್ಧ, ರಾಜರ ಹೆಸರು ಬಾಯಿಪಾಠ ಮಾಡಬೇಕಲ್ಲ? ನನಗೆ ನೆನಪಿರಲ್ಲ.

ಸ್ವಲ್ಪ ಮಾಡಬೇಕು. ಆದರೆ ಮೇಲಿನ ಉತ್ತರ ಓದಿದಿರಲ್ಲ, 1862 ಈಗ ನೆನಪಿದೆಯೋ ಇಲ್ಲವೋ? ಕಾರಣ ಗೊತ್ತಾದರೆ ಇಸವಿ ತಾನಾಗಿ ಕೂರುತ್ತದೆ.

ಹಾಗಾದರೆ ಕ್ಲಾಸಿನಲ್ಲಿ ಮಾಡೋದೇನು?

ಸಿಲೆಬಸ್ ಲೆಕ್ಕದಲ್ಲಿ ಹೇಳುವುದಾದರೆ ಪ್ರಾಚೀನ, ಮಧ್ಯಕಾಲೀನ, ಆಧುನಿಕ ಭಾರತ, ಕರ್ನಾಟಕದ ಚರಿತ್ರೆ, ಸ್ವಾತಂತ್ರ್ಯ ಹೋರಾಟ, ಹೊರದೇಶಗಳ ಚರಿತ್ರೆ, ಚರಿತ್ರೆ ಬರೆಯುವ ವಿಧಾನ. ಆದರೆ ನಿಜವಾಗಿ ಕಲಿಯಬೇಕಾದದ್ದು ಒಂದೇ: ‘ಇದು ನಿಮಗೆ ಹೇಗೆ ಗೊತ್ತು?’ ಎಂದು ಕೇಳುವುದು.

ಮಯೂರವರ್ಮನನ್ನೇ ತಗೊಳ್ಳಿ. ನಮ್ಮ ಬನವಾಸಿಯ ಕದಂಬರ ಮೂಲಪುರುಷ. ನಾಲ್ಕನೇ ಶತಮಾನದವನು. ಓದಲು ಕಂಚಿಗೆ ಹೋಗಿದ್ದ ಬ್ರಾಹ್ಮಣ ಹುಡುಗ ಪಲ್ಲವರ ಕುದುರೆ ಸವಾರರ ಜೊತೆ ಜಗಳವಾಗಿ, ಅವಮಾನ ತಡೆಯದೆ ಕತ್ತಿ ಹಿಡಿದ ಕಥೆ ಎಲ್ಲರಿಗೂ ಗೊತ್ತು. ಈ ಕಥೆ ಎಲ್ಲಿಂದ ಬಂತು? ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದ ಶಾಸನದಿಂದ. ಆ ಶಾಸನ ಹಾಕಿಸಿದ್ದು ಯಾವಾಗ? ಶಾಂತಿವರ್ಮನ ಕಾಲದಲ್ಲಿ, ಅಂದರೆ ಮಯೂರನಿಂದ ಸುಮಾರು ನೂರು ವರ್ಷ ಆದ ಮೇಲೆ. ಬರೆದವನು ಕುಬ್ಜ ಎಂಬ ಕವಿ. ಸಂಸ್ಕೃತದಲ್ಲಿ, ಕಾವ್ಯದ ಶೈಲಿಯಲ್ಲಿ. ಯಾರಿಗಾಗಿ ಬರೆದ? ಅದೇ ವಂಶದ ರಾಜರಿಗಾಗಿ.

ಈಗ ನೀವೇ ಹೇಳಿ. ಜಗಳ ನಡೆದದ್ದು ನಿಜವೋ? ಅಥವಾ ಬ್ರಾಹ್ಮಣರು ರಾಜರಾದದ್ದು ಯಾಕೆ ಎಂದು ಜನರಿಗೆ ಒಪ್ಪಿಸಲು ಕಟ್ಟಿದ ಕಥೆಯೋ? ಎರಡೂ ಸ್ವಲ್ಪ ಸ್ವಲ್ಪ ಇರಬಹುದೋ? ಶಾಸನವನ್ನು ಸುಳ್ಳು ಎಂದು ಎಸೆಯುವುದೂ ತಪ್ಪು, ಕಣ್ಣು ಮುಚ್ಚಿ ನಂಬುವುದೂ ತಪ್ಪು. ಬೇರೆ ಸಾಕ್ಷಿ ಏನಿದೆ ಎಂದು ಹುಡುಕಬೇಕು. ಮೂರು ವರ್ಷ ಮಾಡುವ ಕೆಲಸ ಇದೇ.

ನಮ್ಮ ಮನೆಯಲ್ಲಿ ಹಿರಿಯರು ಹೇಳುವುದಕ್ಕೂ ಕ್ಲಾಸಿನಲ್ಲಿ ಹೇಳುವುದಕ್ಕೂ ಹೊಂದಲ್ಲ. ಯಾವುದು ನಂಬಬೇಕು?

ಇದು ಎರಡನೇ ಸೆಮಿಸ್ಟರಿನ ಪ್ರಶ್ನೆ, ತಪ್ಪದೇ ಬರುತ್ತದೆ. ನಮ್ಮಲ್ಲಿ ಪ್ರತಿ ಸಮಾಜಕ್ಕೂ ಒಂದು ಮೂಲದ ಕಥೆ ಇದೆ. ಮಯೂರವರ್ಮ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದ ಎನ್ನುವುದು ಒಂದು. ಸಾರಸ್ವತರು ಗೋವಾದಿಂದ ದಾಟಿ ಬಂದ ಕಥೆ ಇನ್ನೊಂದು. ಅಹಿಚ್ಛತ್ರದ ಕಥೆ ಕದಂಬರ ಕಾಲದ ಶಾಸನಗಳಲ್ಲಿ ಇಲ್ಲ, ಬಹಳ ಕಾಲದ ನಂತರದ ಬರಹಗಳಲ್ಲಿ ಸಿಗುತ್ತದೆ. ಗೋವಾದಿಂದ ಜನ ಬಂದದ್ದಕ್ಕೆ ಪೋರ್ಚುಗೀಸರ ಕಾಲದ ಸಾಕಷ್ಟು ಆಧಾರ ಇದೆ. ಹೀಗೆ ಒಂದೊಂದನ್ನೂ ಬೇರೆ ಬೇರೆ ತೂಗಬೇಕು. ಹಿರಿಯರ ಕಥೆಗೆ ಬೆಲೆ ಇಲ್ಲ ಎಂದಲ್ಲ. ಆ ಕಥೆ ಯಾವಾಗ ಹುಟ್ಟಿತು, ಯಾಕೆ ಬೇಕಾಯಿತು ಎಂಬುದೂ ಚರಿತ್ರೆಯೇ. ಆದರೆ ಮನೆಯಲ್ಲಿ ಊಟಕ್ಕೆ ಕೂತಾಗ ಅಜ್ಜನ ಎದುರು ಇದನ್ನೆಲ್ಲ ವಾದ ಮಾಡಬೇಡಿ. ಕಥೆ ಹೇಳಿಸಿಕೊಂಡು ಬರೆದಿಟ್ಟುಕೊಳ್ಳಿ, ಅದು ಹೆಚ್ಚು ಉಪಯೋಗ.

ವಾಟ್ಸಾಪಿನಲ್ಲಿ ಬರುವ ಹಿಸ್ಟರಿಗೂ ಇದೇ ಪರೀಕ್ಷೆ. ಅದರಲ್ಲಿ ಜಾಸ್ತಿ ಹೊತ್ತು ಬೇಕಾಗುವುದಿಲ್ಲ.

ದೊಡ್ಡ ಚರಿತ್ರೆ ಎಲ್ಲ ಹಂಪಿ, ಬಾದಾಮಿ ಕಡೆ. ನಮ್ಮ ಕಡೆ ಏನಿದೆ?

ಹೀಗೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಬನವಾಸಿಯ ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗನ ಕಲ್ಲೊಂದಿದೆ. ಅಂಚಿನಲ್ಲಿ ಪ್ರಾಕೃತ ಭಾಷೆಯ ಬರಹ. ಕದಂಬರಿಗಿಂತ ಹಿಂದಿನ ಚುಟು ರಾಜರ ಕಾಲದ್ದು. ನಾಗಶ್ರೀ ಎಂಬ ರಾಜಪುತ್ರಿ ಈ ನಾಗ, ಒಂದು ಕೆರೆ, ಒಂದು ವಿಹಾರ ಮಾಡಿಸಿದಳು ಎಂದು ಅದರಲ್ಲಿದೆ. ಕೆತ್ತಿದ ಶಿಲ್ಪಿಯ ಹೆಸರೂ ಇದೆ: ನಟಕ. ಅಷ್ಟು ಹಳೆಯ ಕಾಲದ ಕೆಲಸಗಾರನೊಬ್ಬನ ಹೆಸರು ಉಳಿದಿರುವುದು ಎಷ್ಟು ಕಡೆ ಸಿಗುತ್ತದೆ? ದೇವಸ್ಥಾನಕ್ಕೆ ಹೋದವರು ಕೈಮುಗಿದು, ಫೋಟೋ ತೆಗೆದು ಬರುತ್ತಾರೆ, ಆ ಹೆಸರು ಕೇಳುವುದೇ ಇಲ್ಲ. ಹತ್ತಿರದ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಕಂಬದ ಶಾಸನ ಇದೆ. ಮನ್ಮಥನ ಆಲಯ ಕಟ್ಟಿಸಿದ ಮಾತು ಅದರಲ್ಲಿ ಬರುತ್ತದೆ. ಕಾಮನಿಗೊಂದು ಗುಡಿ!

ಕರಾವಳಿಗೆ ಇಳಿದರೆ 14ನೇ ಶತಮಾನದಲ್ಲಿ ಮೊರಾಕ್ಕೋದ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಿದ್ದ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸು ಇಲ್ಲದೆ ಪೋರ್ಚುಗೀಸರ ಹಡಗು ತುಂಬುತ್ತಿರಲಿಲ್ಲ. ಅವರ ಬಾಯಲ್ಲಿ ಅವಳು ಮೆಣಸಿನ ರಾಣಿಯೇ ಆದಳು. 1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ ಶರಾವತಿಯಲ್ಲಿ ದೋಣಿಯಲ್ಲಿ ಬಂದು ನೋಡುವ ಹೊತ್ತಿಗೆ ಗೇರುಸೊಪ್ಪೆ ಹಾಳು ಬಿದ್ದಿತ್ತು. ಇವತ್ತು ನಗರಬಸ್ತಿಕೇರಿಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ಅಷ್ಟು ದೊಡ್ಡ ಪಟ್ಟಣ ಅಷ್ಟು ಬೇಗ ಖಾಲಿಯಾದದ್ದು ಹೇಗೆ? ಒಂದು ಪಿಎಚ್‌ಡಿಗೆ ಸಾಲುವಷ್ಟು ಪ್ರಶ್ನೆ ಅದು.

ಇನ್ನು ಕಾರವಾರ. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳ ಕೋರ್ಟೀನ್ ಕಂಪನಿ ಇಲ್ಲಿ ಕೋಠಿ ತೆರೆಯಿತು. ಕಲ್ಕತ್ತೆಯಲ್ಲಿ ಇಂಗ್ಲಿಷರು ನೆಲೆ ಊರುವುದಕ್ಕೆ ಐವತ್ತು ವರ್ಷ ಮೊದಲು. ಕಾಳಿ ನದಿಯ ಆಚೆ ಸದಾಶಿವಗಡದ ಕೋಟೆ ಸೋದೆ ಅರಸರದ್ದು. ಅಂಕೋಲೆಯಲ್ಲಿ 1930ರ ಏಪ್ರಿಲ್‌ನಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪು ಮಾಡಿದರು. ಆಮೇಲೆ ಅಂಕೋಲೆ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಎಂದು ನಿಂತು ಜಮೀನು ಕಳಕೊಂಡರು. ನಿಮ್ಮ ಊರಿನ ಯಾವುದಾದರೂ ಮನೆಯ ಹೆಸರು ಆ ಪಟ್ಟಿಯಲ್ಲಿ ಇದ್ದೀತು, ವಿಚಾರಿಸಿ.

ಇಷ್ಟೆಲ್ಲ ಇದ್ದರೆ ದಾಖಲೆ ಎಲ್ಲಿ? ಕಾರವಾರದಲ್ಲಿ ಸಿಗುತ್ತಾ?

ಸ್ವಲ್ಪ ಮಾತ್ರ. ನಮ್ಮ ಜಿಲ್ಲೆ ಕೈಯಿಂದ ಕೈಗೆ ಹೋದ ಹಾಗೆ ಕಾಗದಗಳೂ ಊರೂರು ಸೇರಿವೆ. 1799ರಿಂದ 1862ರವರೆಗಿನದ್ದು ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿ ನೋಡಬೇಕು. 1862ರಿಂದ ಈಚಿನ ಮುಂಬೈ ಸರ್ಕಾರದ ಕಡತಗಳು ಮುಂಬೈಯ ಮಹಾರಾಷ್ಟ್ರ ಪತ್ರಾಗಾರದಲ್ಲಿವೆ. ಪೋರ್ಚುಗೀಸರ ಪತ್ರಗಳು ಪಣಜಿಯ ಗೋವಾ ಪತ್ರಾಗಾರದಲ್ಲಿ. ಹೈದರ್ ಅಲಿ ಬಂದಾಗ ಸೋದೆಯ ರಾಜರು ಗೋವಾಕ್ಕೆ ಹೋಗಿ ಪೋಂಡಾದ ಹತ್ತಿರ ನೆಲೆಸಿದ್ದರಿಂದ ಸೋದೆಯ ಕಥೆಯ ಕೊನೆಯ ಭಾಗವೂ ಅಲ್ಲಿಯೇ.

ಬಿಎ ಮಟ್ಟದಲ್ಲಿ ಅಷ್ಟು ದೂರ ಹೋಗಬೇಕಿಲ್ಲ. 1883ರಲ್ಲಿ ಬಂದ ಮುಂಬೈ ಪ್ರಾಂತ್ಯದ ಗೆಜೆಟಿಯರಿನ ಕೆನರಾ ಸಂಪುಟ ಎರಡು ಭಾಗಗಳಲ್ಲಿದೆ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಊರು, ಜಾತಿ, ಬೆಳೆ, ಘಟ್ಟದ ದಾರಿ, ಬಂದರಿನ ಲೆಕ್ಕ ಎಲ್ಲ ಇದೆ. ಬರೆದದ್ದು ಆಳುವವರು ಎಂಬುದನ್ನು ನೆನಪಿಟ್ಟುಕೊಂಡು ಓದಿ. 1801ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕನನ್ ಬರೆದದ್ದೂ ಸಿಗುತ್ತದೆ. ಸ್ವಾತಂತ್ರ್ಯದ ನಂತರದ್ದಕ್ಕೆ ಸೂರ್ಯನಾಥ ಕಾಮತರು ಸಂಪಾದಿಸಿದ 1985ರ ಉತ್ತರ ಕನ್ನಡ ಗೆಜೆಟಿಯರ್ ಇದೆ. ಶಾಸನ ಬೇಕಾದರೆ ಒಂದು ಕಿವಿಮಾತು: ಬಿ.ಎಲ್. ರೈಸರ ಹಳೆಯ ಶಾಸನ ಸಂಪುಟಗಳು ಮೈಸೂರು ಸೀಮೆಯವು. ನಮ್ಮ ಜಿಲ್ಲೆ ಅವುಗಳಲ್ಲಿ ಬರುವುದಿಲ್ಲ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ತಂದ ಶಾಸನ ಸಂಪುಟಗಳನ್ನು ನೋಡಿ.

ಪ್ರಾಜೆಕ್ಟಿಗೆ ವಿಷಯ ಹೇಳಿ.

‘ಭಾರತದ ಸ್ವಾತಂತ್ರ್ಯ ಹೋರಾಟದಲ್ಲಿ ಮಹಿಳೆಯರ ಪಾತ್ರ’ ಬೇಡ. ಎಲ್ಲರೂ ಅದನ್ನೇ ತರುತ್ತಾರೆ, ಎಲ್ಲರದ್ದೂ ಒಂದೇ ಕಡೆಯಿಂದ ಇಳಿಸಿದ್ದು. ನೀವು ನಡೆದು ಹೋಗಿ ವಿಚಾರಿಸಬಹುದಾದ ವಿಷಯ ಹಿಡಿಯಿರಿ.

ಕಾರವಾರದವರಾದರೆ ಕಾಳಿ ನದಿ ದಾಟುವ ಕಥೆ. 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ಕುಸಿಯಿತಲ್ಲ, ಆ ಸೇತುವೆಯೇ ಇಲ್ಲದ ಕಾಲದಲ್ಲಿ ಕೋಡಿಬಾಗದಿಂದ ಸದಾಶಿವಗಡಕ್ಕೆ ಜನ, ದನ, ಮೀನು, ಮದುವೆ ದಿಬ್ಬಣ ಹೇಗೆ ಹೋಗುತ್ತಿತ್ತು? ಹೇಳುವವರು ಇನ್ನೂ ಇದ್ದಾರೆ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರು ಕಾರವಾರ, ಅಂಕೋಲೆಯ ಪುನರ್ವಸತಿ ಕಾಲೊನಿಗಳಲ್ಲಿ ಇದ್ದಾರೆ. ಬಿಟ್ಟು ಬಂದ ಊರಿನ ನಕ್ಷೆಯನ್ನು ಅವರ ಕೈಯಲ್ಲೇ ಬರೆಸಿ: ದೇವಸ್ಥಾನ ಎಲ್ಲಿತ್ತು, ಬಾವಿ ಎಲ್ಲಿ, ಬಲೆ ಒಣಗಿಸುವ ಜಾಗ ಎಲ್ಲಿ. ಆ ನೆಲೆಗೆ ಐಎನ್‌ಎಸ್ ಕದಂಬ ಎಂದು ಹೆಸರು, ನಮ್ಮ ಬನವಾಸಿಯವರದ್ದೇ. ಜೊಯಿಡಾ ಕಡೆಯವರಿಗೆ ಸೂಪಾ ಅಣೆಕಟ್ಟಿನಲ್ಲಿ ಮುಳುಗಿದ ಸೂಪಾ ಊರು ಇದೆ.

ಶಿರಸಿಯವರಿಗೆ ಅಡಿಕೆ. ತೋಟಗಾರ್ಸ್ ಸೇಲ್ ಸೊಸೈಟಿ ಶುರುವಾದದ್ದು 1923ರಲ್ಲಿ. ಅದಕ್ಕಿಂತ ಮೊದಲು ಅಡಿಕೆ ಯಾರ ಕೈಗೆ ಹೋಗುತ್ತಿತ್ತು, ಸಾಲದ ಲೆಕ್ಕ ಹೇಗಿತ್ತು? ತೋಟದ ಮನೆಗಳಲ್ಲಿ ಹಳೆ ಜಮಾ-ಖರ್ಚಿನ ಪುಸ್ತಕ ಇದ್ದರೆ ಅದೇ ಚಿನ್ನ. ಅಂಕೋಲೆಯ ಹಾಲಕ್ಕಿ ಹಾಡುಗಳು ಇನ್ನೊಂದು. ಸುಕ್ರಿ ಬೊಮ್ಮಗೌಡರು 2025ರಲ್ಲಿ ತೀರಿಕೊಂಡರು. ಅವರ ಹಾಗೆ ಹಾಡು ಹೊತ್ತ ಅಜ್ಜಿಯರು ಬೇರೆ ಊರುಗಳಲ್ಲೂ ಇದ್ದಾರೆ. ಫೋನಿನಲ್ಲಿ ರೆಕಾರ್ಡ್ ಮಾಡುವ ಮುಂಚೆ ಅವರ ಒಪ್ಪಿಗೆ ಕೇಳಿ. ಯಾರು, ಯಾವ ಊರು, ಯಾವ ದಿನ ಎಂದು ಬರೆದಿಡಿ. ಇಷ್ಟು ಬರೆಯದಿದ್ದರೆ ರೆಕಾರ್ಡಿಂಗ್ ಹತ್ತು ವರ್ಷದ ಮೇಲೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಮನೆಯ ಅಟ್ಟದಲ್ಲಿ ಹಳೆ ಓಲೆಗರಿ, ಕಡತ ಇದೆ. ಓದಲು ಬರುವುದಿಲ್ಲ. ಏನು ಮಾಡಲಿ?

ಮೊದಲು, ಸುಡಬೇಡಿ, ಹೊಳೆಗೆ ಬಿಡಬೇಡಿ. ಎಣ್ಣೆ ಹಚ್ಚುವುದೂ ಬೇಡ, ತಿಳಿದವರನ್ನು ಕೇಳದೆ. ಒಣ ಬಟ್ಟೆಯಲ್ಲಿ ಸುತ್ತಿ, ತೇವ ತಾಗದ ಕಡೆ ಇಡಿ. ನಮ್ಮ ಮಳೆಗಾಲಕ್ಕಿಂತ ದೊಡ್ಡ ಶತ್ರು ಇಲ್ಲ. ಹಗಲಿನ ಬೆಳಕಿನಲ್ಲಿ ಒಂದೊಂದೇ ಹಾಳೆಯ ಫೋಟೋ ತೆಗೆಯಿರಿ, ಕ್ರಮ ತಪ್ಪದಂತೆ.

ಘಟ್ಟದ ಮೇಲಿನ ಹವ್ಯಕರ ಮನೆಗಳ ಓಲೆಗರಿ ತಿಗಳಾರಿ ಲಿಪಿಯಲ್ಲಿ ಇರಬಹುದು. ಮುಂಬೈ ಸರ್ಕಾರದ ಕಾಲದ ಕಾಗದವಾದರೆ ಮೋಡಿ ಲಿಪಿಯೂ ಇದ್ದೀತು. ಎರಡೂ ಕೆಲವು ತಿಂಗಳಲ್ಲಿ ಕಲಿಯುವಂಥವು. ಡಿಗ್ರಿ ಓದುವಾಗಲೇ ಒಂದು ಹಳೆ ಲಿಪಿ ಕಲಿತ ಮಕ್ಕಳಿಗೆ ಎಂಎ, ಪಿಎಚ್‌ಡಿಯಲ್ಲಿ ಬಹಳ ಬೆಲೆ. ಓದಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ.

ತೋಟದಲ್ಲಿ ವೀರಗಲ್ಲು ಇದೆ. ಕೆಳಗೆ ನಿಧಿ ಇದೆಯಂತೆ.

ಇಲ್ಲ. ವೀರಗಲ್ಲು ಸತ್ತವರ ನೆನಪಿಗೆ ನಿಲ್ಲಿಸಿದ್ದು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗ ಅಥವಾ ಜಿನ. ಅಗೆದು ಉರುಳಿಸಿದರೆ ಇದೂ ಹೋಯಿತು. ನೆಲದಲ್ಲಿ ಹುಗಿದ ಬೆಲೆಬಾಳುವ ವಸ್ತು ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು ಕಾನೂನೇ ಇದೆ. ಕಲ್ಲನ್ನು ಇದ್ದಲ್ಲೇ ಬಿಡಿ. ಸುಣ್ಣ, ಪೇಂಟ್ ಬಳಿಯಬೇಡಿ. ಅಕ್ಷರ ಇದ್ದರೆ ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆದು ಕಾಲೇಜಿಗೆ ತನ್ನಿ.

ಮಗಳಿಗೆ ಸುಲಭದ ಕೋರ್ಸ್ ಆಗಲಿ ಅಂತ ಹಿಸ್ಟರಿ ಹಾಕ್ತಿದ್ದೇವೆ. ಮದುವೆವರೆಗೆ ಒಂದು ಡಿಗ್ರಿ.

ಅಪ್ಪಂದಿರಿಗೆ ಒಂದು ಕಥೆ ಹೇಳುತ್ತೇನೆ. ಮೇಲೆ ಹೇಳಿದ ಇಬ್ನ್ ಬತೂತಾ ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ನೋಡಿದೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಬರೆದಿದ್ದಾನೆ. ಸುಮಾರು 700 ವರ್ಷದ ಹಿಂದಿನ ಮಾತು. ಅವನ ಲೆಕ್ಕ ಎಷ್ಟು ಸರಿ ಎಂಬುದನ್ನು ನಿಮ್ಮ ಮಗಳೇ ಕ್ಲಾಸಿನಲ್ಲಿ ವಿಮರ್ಶೆ ಮಾಡಲಿ. ಕೋರ್ಸ್ ಮಾತ್ರ ಸುಲಭದ್ದಲ್ಲ. ಮತ್ತೆ, ಅವಳಿಗೆ ಏನು ಓದಬೇಕು ಎಂದು ಕೇಳಿದ್ದೀರಾ?

ಕನ್ನಡ ಮೀಡಿಯಂನಲ್ಲಿ ಬರೆದರೆ ಮುಂದೆ ತೊಂದರೆಯಾ?

ಬಿಎ ಪರೀಕ್ಷೆ ಕನ್ನಡದಲ್ಲಿ ಧಾರಾಳವಾಗಿ ಬರೆಯಿರಿ. ಆದರೆ ಇಂಗ್ಲಿಷ್ ಓದುವುದು ಬಿಡಬೇಡಿ. ನಮ್ಮ ಜಿಲ್ಲೆಯ ಗೆಜೆಟಿಯರೇ ಇಂಗ್ಲಿಷಿನಲ್ಲಿದೆ. ದಿನಕ್ಕೆ ಎರಡು ಪುಟ ಓದಿದರೂ ಮೂರು ವರ್ಷಕ್ಕೆ ಕೈ ಕುದುರುತ್ತದೆ. ಕೊಂಕಣಿ, ಮರಾಠಿ ಮನೆಮಾತಿನವರಿಗೆ ಇಲ್ಲಿ ಒಂದು ಲಾಭವಿದೆ. ಗೋವಾ, ಮುಂಬೈ ಆಧಾರಗಳು ಅವರಿಗೆ ಬೇಗ ಒಲಿಯುತ್ತವೆ.

ಎಐ ಕೇಳಿದರೆ ಎಲ್ಲ ಬರೆದುಕೊಡುತ್ತಲ್ಲ?

ಕೊಡುತ್ತದೆ. ಇಲ್ಲದ ಶಾಸನಕ್ಕೆ ಸಂಪುಟದ ನಂಬರನ್ನೂ ಕೊಡುತ್ತದೆ. ಸಂಪುಟ ತೆಗೆದು ನೋಡುವ ಅಭ್ಯಾಸ ಇದ್ದವರು ಬಳಸಲಿ.

ಎಂಎ ಎಲ್ಲಿ ಮಾಡಲಿ?

ಧಾರವಾಡ ಹತ್ತಿರದ್ದು, ಪರಿಚಯದ್ದು. ಅಲ್ಲಿ ಕನ್ನಡ ಸಂಶೋಧನ ಸಂಸ್ಥೆಯ ಮ್ಯೂಸಿಯಂ ಕೂಡ ಇದೆ. ಕಾರವಾರ, ಅಂಕೋಲೆಯವರು ಗೋವಾ ವಿಶ್ವವಿದ್ಯಾಲಯವನ್ನೂ ಯೋಚಿಸಿ. ಕಾರವಾರದಿಂದ ಧಾರವಾಡಕ್ಕಿಂತ ಪಣಜಿಯೇ ಹತ್ತಿರ. ಅಲ್ಲಿ ಪೋರ್ಚುಗೀಸ್ ಭಾಷೆ ಕಲಿಯುವ ಅವಕಾಶ ಇದೆ, ಪತ್ರಾಗಾರ ಅದೇ ಊರಲ್ಲಿದೆ. ಮೆಣಸಿನ ರಾಣಿಯ ಬಗ್ಗೆ ಪೋರ್ಚುಗೀಸ್ ಪತ್ರಗಳನ್ನು ಮೂಲದಲ್ಲೇ ಓದಬಲ್ಲ ಉತ್ತರ ಕನ್ನಡದವರು ನಾಲ್ಕು ಜನ ಬಂದರೆ ನಮ್ಮ ಜಿಲ್ಲೆಯ ಚರಿತ್ರೆಯನ್ನೇ ಹೊಸದಾಗಿ ಬರೆಯಬಹುದು ಎಂದು ನನ್ನ ನಂಬಿಕೆ. ಹೈದರಾಬಾದ್, ದೆಹಲಿಯ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಹೋಗುವವರು ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಅದಕ್ಕೆ ಕೊನೆಯ ವರ್ಷ ಶುರುವಾಗುವಾಗಲೇ ತಯಾರಿ ಬೇಕು.

ಖರ್ಚು?

ಸರ್ಕಾರಿ ಕಾಲೇಜಿನಲ್ಲಿ ಕಡಿಮೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಕೊನೆಯ ದಿನ ಕಾಯಬೇಡಿ, ಸರ್ವರ್ ಕೈಕೊಡುತ್ತದೆ. ನಿಜವಾದ ಖರ್ಚು ಬಸ್ಸಿನದ್ದು. ಘಟ್ಟದ ಕೆಳಗಿನ ಹಳ್ಳಿಗಳಿಂದ ಬರುವವರು ಬಸ್‌ಪಾಸ್ ಮೊದಲ ವಾರವೇ ಮಾಡಿಸಿಕೊಳ್ಳಿ. ಕೆಲಸಕ್ಕೆ ಹೋಗುತ್ತಾ ಓದುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೋದಲ್ಲಿ ದೂರಶಿಕ್ಷಣದ ಬಿಎ ಇದೆ.

ಅಡ್ಮಿಷನ್‌ಗೆ ಬರುವಾಗ ಏನು ತರಬೇಕು?

ಮೊದಲು ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳಿ. ಆಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಟಿಸಿ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ಫೋಟೋ. ಎಲ್ಲದರ ಎರಡೆರಡು ಝೆರಾಕ್ಸ್. ಆಧಾರ್‌ನಲ್ಲಿರುವ ಹೆಸರು ಅಂಕಪಟ್ಟಿಯ ಹೆಸರಿಗೆ ಹೊಂದದಿದ್ದರೆ ಈಗಲೇ ಸರಿ ಮಾಡಿಸಿ, ಸ್ಕಾಲರ್‌ಶಿಪ್ ಅಲ್ಲೇ ಸಿಕ್ಕಿಬೀಳುವುದು. ಮಳೆಗಾಲದ ಅಡ್ಮಿಷನ್, ಅದಕ್ಕೆ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬನ್ನಿ.